ಬೂದಿದಿಬ್ಬದ ರಕ್ಕಸರು

ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಆಚೆ, ಬೂದಿಯ ದೊಡ್ಡ ದಿಬ್ಬವೊಂದಿದೆ. ಕೆದಕಿದರೆ ಸಡಿಲವಾದ ಬೂದಿ, ನಡುನಡುವೆ ಬೆಂಕಿಯ ಝಳಕ್ಕೆ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟ. ಇಷ್ಟೊಂದು ಬೂದಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸುತ್ತಲಿನ ಜನರಲ್ಲಿ ಎರಡು ಉತ್ತರಗಳಿದ್ದುದನ್ನು 19ನೇ ಶತಮಾನದ ಬರಹಗಳು ಹೇಳುತ್ತವೆ: ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂಬುದು ಒಂದು, ಋಷಿಗಳು ಮಾಡಿದ ಮಹಾಯಜ್ಞದ ಬೂದಿ ಎಂಬುದು ಇನ್ನೊಂದು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವಂತೂ ವಾಲಿಯ ಚಿತೆಯೆಂದೇ ಹೆಸರಾಗಿದೆ.

ಗ್ರೀಕರಲ್ಲಿಯೂ ಇವೇ ಎರಡು ಬಗೆಯ ಕಥೆಗಳಿವೆ. ದೇವತೆಗಳಿಗೂ ಗಿಗಾಂಟಿಸ್ ಎಂಬ ದೈತ್ಯರಿಗೂ ನಡೆದ ಯುದ್ಧವನ್ನು ಅವರು ಫ್ಲೆಗ್ರಾ ಎಂಬ ಸುಟ್ಟ ನೆಲದಲ್ಲಿಟ್ಟರು. ಆ ನೆಲ ಪಲ್ಲೀನಿಯಲ್ಲಿದೆ ಎಂದರು ಕೆಲವರು, ಇಟಲಿಯಲ್ಲಿದೆ ಎಂದರು ಮತ್ತೆ ಕೆಲವರು. ಅರ್ಕೇಡಿಯಾದವರು ತಮ್ಮೂರ ಆಲ್ಫಿಯೋಸ್ ನದಿಯ ಬಳಿಯೇ ಎಂದರು. ಹಿಡಿಂಬನನ್ನು ಚಿತ್ರದುರ್ಗದ ಬೆಟ್ಟವೂ ತನ್ನವನೆನ್ನುತ್ತದೆಯಲ್ಲ, ಹಾಗೆ. ದೈತ್ಯರನ್ನು ಗೆಲ್ಲಲು ದೇವತೆಗಳಿಗೆ ಮರ್ತ್ಯನೊಬ್ಬನ ನೆರವು ಬೇಕಾಗಿ ಹೆರಾಕ್ಲೀಸ್ ಬಂದ. ಗದೆ ಹಿಡಿದ ಹೆರಾಕ್ಲೀಸನನ್ನು ಭೀಮನ ಪಕ್ಕ ನಿಲ್ಲಿಸುವುದು ಸುಲಭ, ಆದರೆ ಅಷ್ಟರಿಂದಲೇ ಒಬ್ಬರ ಕಥೆ ಇನ್ನೊಬ್ಬರಿಗೆ ಹೋಯಿತೆನ್ನಲಾಗದು.

ಯಜ್ಞದ ಬೂದಿಯ ಮಾತು ಇದಕ್ಕಿಂತ ಸ್ವಾರಸ್ಯದ್ದು. ಒಲಿಂಪಿಯಾದಲ್ಲಿ ಜ್ಯೂಸ್ ದೇವನ ಬಲಿಪೀಠ ಕಲ್ಲಿನದಲ್ಲ, ಬೂದಿಯದು. ಕ್ರಿ.ಶ. 2ನೇ ಶತಮಾನದಲ್ಲಿ ಅದನ್ನು ಕಂಡ ಪೌಸೇನಿಯಸ್, ಬಲಿಪಶುಗಳ ತೊಡೆಯನ್ನು ಸುಟ್ಟ ಬೂದಿಯಿಂದ ಅದು 22 ಅಡಿ ಎತ್ತರಕ್ಕೆ ಬೆಳೆದಿತ್ತೆಂದೂ, ಬುಡದ ಜಗಲಿಯ ಸುತ್ತಳತೆ 125 ಅಡಿಯೆಂದೂ ಬರೆದ. ವರ್ಷಕ್ಕೊಮ್ಮೆ ಕಣಿ ಹೇಳುವವರು ಪವಿತ್ರ ಒಲೆಯ ಬೂದಿ ತಂದು, ಆಲ್ಫಿಯೋಸ್ ನದಿಯ ನೀರಿನಲ್ಲಿ ಕಲಸಿ ಪೀಠಕ್ಕೆ ಮೆತ್ತುತ್ತಿದ್ದರು. ಬೇರೆ ನದಿಯ ನೀರು ಸಲ್ಲುತ್ತಿರಲಿಲ್ಲ. ಎಲುಬು, ಕೊಬ್ಬು ದೇವರಿಗೆ ಹೊಗೆಯಾಗಿ ಏರುವುದು, ಮಾಂಸ ಜನರಿಗೆ ಉಳಿಯುವುದು ಪ್ರಮೀಥಿಯಸ್ ಮಾಡಿದ ಹಂಚಿಕೆಯ ಫಲವೆಂದು ಹೆಸಿಯಡ್ ಹೇಳುತ್ತಾನೆ. ವೇದದ ಯಜ್ಞದಲ್ಲಿಯೂ ಹವಿಸ್ಸು ದೇವತೆಗಳಿಗೆ ತಲುಪುವುದು ಬೆಂಕಿಯ ಮೂಲಕವೇ. ಆದರೆ ಅಲ್ಲಿ ಅಗ್ನಿ ತಾನೇ ದೇವತೆ. ಗ್ರೀಕರ ಕಥೆಯಲ್ಲಿ ಬೆಂಕಿ ಕದ್ದು ತಂದ ವಸ್ತು.

ಒಲಿಂಪಿಯಾದಲ್ಲಿ ಬೂದಿ ಹಾಕುವವರಿಗೂ ಕಥೆ ಹೇಳುವವರಿಗೂ ನಡುವೆ ಎಳೆ ಕಡಿದಿರಲಿಲ್ಲ. ಬಳ್ಳಾರಿಯಲ್ಲಿ ಸುಟ್ಟವರನ್ನು ನೆಲವೇ ಮರೆತಿತ್ತು. ಆ ಖಾಲಿ ಜಾಗಕ್ಕೆ ಮಹಾಕಾವ್ಯದ ಹೆಸರುಗಳು ಬಂದು ಕೂತವು. ವಿದ್ವಾಂಸರೂ ತಡಕಾಡಿದರು. ರಾಬರ್ಟ್ ಸಿವೆಲ್ 19ನೇ ಶತಮಾನದ ಕೊನೆಯಲ್ಲಿ ವಿಜಯನಗರ ಕಾಲದ ಸಾಮೂಹಿಕ ದಹನದತ್ತ ಬೆರಳು ಮಾಡಿದ. ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿ ಎಂದಿದ್ದ. ಅವನ ಮಾತೇ ನಿಜವಾಯಿತು. ಉಟ್ನೂರಿನಲ್ಲಿರುವ ಇಂಥದೇ ದಿಬ್ಬವನ್ನು 1957ರಲ್ಲಿ ಅಗೆದ ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್‌ಗೆ ದನದ ದೊಡ್ಡಿಯ ಗೂಟಗಳ ಗುಳಿಗಳೂ ಗೊರಸಿನ ಗುರುತುಗಳೂ ಸಿಕ್ಕವು. ಈ ದಿಬ್ಬಗಳು ಕ್ರಿ.ಪೂ. 3 ಮತ್ತು 2ನೇ ಸಹಸ್ರಮಾನದ ದನಗಾಹಿಗಳವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳ ಮೇಲೆ ವಾಸವಿದ್ದವರೂ ಅದೇ ನವಶಿಲಾಯುಗದ ಜನ.

ಸಂಗನಕಲ್ಲು–ಕುಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ಹೋರಿಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕುರುಗೋಡಿನ ಏಕಶಿಲೆಯ ದೊಡ್ಡ ಬಸವ ಬಂದದ್ದು ಸಾವಿರಾರು ವರ್ಷಗಳ ನಂತರ. ಎರಡನ್ನೂ ಒಂದೇ ಪರಂಪರೆಯೆಂದು ಜೋಡಿಸುವ ಆಸೆ ಹುಟ್ಟುತ್ತದೆ, ಆದರೆ ಅದಕ್ಕೆ ಪುರಾವೆ ಸಾಲದು.

ಸಗಣಿಗೆ ಬೆಂಕಿಯಿಟ್ಟದ್ದು ಆಕಸ್ಮಿಕವಲ್ಲ, ಋತು ಬದಲಾದಾಗಿನ ಆಚರಣೆ ಎಂಬುದು ಆಲ್ಚಿನ್ ವಾದ. ಹೋಳಿಯ ಬೆಂಕಿಯನ್ನು, ದನಗಳ ಹಬ್ಬಗಳನ್ನು ಅವರು ಇದಕ್ಕೆ ಸಾಕ್ಷಿಯಾಗಿ ತಂದರು. ಸಂಕ್ರಾಂತಿಯಂದು ಎತ್ತುಗಳಿಗೆ ಕಿಚ್ಚು ಹಾಯಿಸುವುದು ಕರ್ನಾಟಕದಲ್ಲಿ ಇಂದಿಗೂ ಇದೆ. ಪ್ರಾಚೀನ ರೋಮಿನ ಕುರುಬರೂ ಏಪ್ರಿಲ್ 21ರ ಪರಿಲಿಯಾ ಹಬ್ಬದಲ್ಲಿ ಹಿಂಡನ್ನು ಶುದ್ಧಿ ಮಾಡಿ, ಉರಿಯುವ ಹುಲ್ಲಿನ ಮೆದೆಗಳನ್ನು ಹಾರಿ ದಾಟುತ್ತಿದ್ದರು.