ಪ್ಯಾಕ್ ಫಾರ್ ಎ ಪರ್ಪಸ್

ರಜೆಯ ಪ್ರವಾಸ ಹೊರಟವರು ತಾವು ತಂಗುವ ಊರಿನ ಶಾಲೆ, ಚಿಕಿತ್ಸಾಲಯ, ಅನಾಥಾಲಯಗಳಿಗೆ ಬೇಕಾದ ಸಾಮಗ್ರಿಯನ್ನೂ ಜೊತೆಗೆ ಒಯ್ಯುವಂತೆ ಪ್ರೇರೇಪಿಸುವ ಲಾಭರಹಿತ ಸಂಸ್ಥೆ. ರೆಬೆಕಾ ರಾಥ್ನಿ ಅವರು 2010ರಲ್ಲಿ ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ರಾಲಿ ನಗರದಲ್ಲಿ ಇದನ್ನು ಆರಂಭಿಸಿದರು. ಆಫ್ರಿಕ ಪ್ರವಾಸಕ್ಕೆ ಹೋಗುವಾಗ ವಿಮಾನದಲ್ಲಿ ಅನುಮತಿಯಿದ್ದ ತೂಕದಲ್ಲಿ ಎಷ್ಟೋ ಭಾಗ ಖಾಲಿ ಉಳಿಯುವುದನ್ನು ಗಮನಿಸಿದ್ದೇ ಇದರ ಮೂಲ.

ಕಾರ್ಯವಿಧಾನ: ಸಂಸ್ಥೆಯೊಂದಿಗೆ ಕೈಜೋಡಿಸಿದ ಹೋಟೆಲು, ಲಾಡ್ಜು ಹಾಗೂ ಪ್ರವಾಸ ಕಂಪನಿಗಳು ತಾವು ಬೆಂಬಲಿಸುವ ಸ್ಥಳೀಯ ಯೋಜನೆಗಳಿಗೆ ಬೇಕಾದ ವಸ್ತುಗಳ ಪಟ್ಟಿ ಕೊಡುತ್ತವೆ. ಪ್ರವಾಸಿಗರು ಅದರಂತೆ ಸಾಮಾನು ತಂದು ತಂಗುದಾಣದಲ್ಲಿ ಒಪ್ಪಿಸುತ್ತಾರೆ. ಅಲ್ಲಿನ ಸಿಬ್ಬಂದಿ ಅದನ್ನು ಸೇರಬೇಕಾದಲ್ಲಿಗೆ ಮುಟ್ಟಿಸುತ್ತಾರೆ. ಒಬ್ಬರಿಂದ ಸಂಸ್ಥೆ ಕೋರುವುದು 5 ಪೌಂಡ್, ಅಂದರೆ ಸುಮಾರು 2.27 ಕೆ.ಜಿ. ಇಷ್ಟು ತೂಕದಲ್ಲಿ 400 ಪೆನ್ಸಿಲ್‌ಗಳು, ಇಲ್ಲವೇ ಗಾಳಿ ತೆಗೆದ 5 ಫುಟ್‌ಬಾಲ್‌ಗಳು ಮತ್ತು ಒಂದು ಪಂಪು ಹಿಡಿಸುತ್ತವೆ. ಅವುಗಳ ಬದಲು ಒಂದು ಸ್ಟೆತಸ್ಕೋಪು, ರಕ್ತದೊತ್ತಡ ಅಳೆಯುವ ಪಟ್ಟಿ, 500 ಬ್ಯಾಂಡೇಜುಗಳನ್ನೂ ಒಯ್ಯಬಹುದು.

ಮಹತ್ವ: ಪ್ರವಾಸಿಗರು ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಮಿಠಾಯಿ, ಪೆನ್ನು ಹಂಚಿದರೆ ಮಕ್ಕಳು ಶಾಲೆ ಬಿಟ್ಟು ಕೈಚಾಚುವ ಅಭ್ಯಾಸಕ್ಕೆ ಬೀಳಬಹುದು. ವಸ್ತುಗಳು ಶಾಲೆಯ ಮೂಲಕ ತಲುಪಿದರೆ ಮಕ್ಕಳ ಘನತೆ ಉಳಿಯುತ್ತದೆ, ಶಿಕ್ಷಕರ ಕೈ ಬಲವಾಗುತ್ತದೆ. ಏನು ಬೇಕೆಂದು ಹೇಳುವ ಹಕ್ಕು ನೆರವು ಪಡೆಯುವವರದ್ದೇ ಆಗಿರುವುದು ಈ ಪದ್ಧತಿಯ ದೊಡ್ಡ ಗುಣ. ಅದೇ ವಸ್ತು ಸ್ಥಳೀಯ ಅಂಗಡಿಯಲ್ಲಿ ಸಿಗುವುದಾದರೆ ಅಲ್ಲೇ ಕೊಳ್ಳುವುದು ಲೇಸು. ಆಗ ಊರಿನ ವ್ಯಾಪಾರಿಗೂ ನೆರವಾದಂತಾಗುತ್ತದೆ.