ಏಜೆಂಟರ ಮೂಲಕ ಹಳೆಯ ಮನೆ ಖರೀದಿ: ಮುಂಗಡ ಕೊಡುವ ಮುನ್ನ ತಿಳಿದಿರಬೇಕಾದ ವಿಷಯಗಳು

ಹಳೆಯ ಮನೆ ಕೊಳ್ಳುವವರು ಗೋಡೆ, ಛಾವಣಿ, ನೀರು, ನೆರೆಹೊರೆ ಎಲ್ಲವನ್ನೂ ಕಣ್ಣಾರೆ ನೋಡಿ ತೀರ್ಮಾನಿಸಬಹುದು. ಕಣ್ಣಿಗೆ ಕಾಣದಿರುವುದು ಮನೆಯ ಮೇಲಿನ ಹಕ್ಕು. ಮನೆ ತೋರಿಸುವ ಏಜೆಂಟರು ಎಷ್ಟೋ ಸಲ ಸಮಾಜದ ಪರಿಚಿತರೇ ಆಗಿರುತ್ತಾರೆ. ಪರಿಚಯದಿಂದ ಮನೆ ಬೇಗ ಸಿಗಬಹುದು, ಆದರೆ ಹಕ್ಕಿಗೆ ದಾಖಲೆಯೇ ಆಧಾರ. ಮುಂಗಡ ಕೊಟ್ಟ ಮೇಲೆ ಲೋಪ ಕಂಡರೆ ಹಣ ಮರಳಿ ಪಡೆಯುವುದು ಕಷ್ಟ. ಆದ್ದರಿಂದ ಪರಿಶೀಲನೆ ಮುಂಗಡಕ್ಕೆ ಮೊದಲೇ ಮುಗಿಯಬೇಕು.

ಏಜೆಂಟರ ಪಾತ್ರ

2016ರ ರೇರಾ ಕಾಯ್ದೆಯ ಪ್ರಕಾರ, ನೋಂದಾಯಿತ ಯೋಜನೆಗಳ ಮನೆ, ನಿವೇಶನಗಳನ್ನು ಮಾರಿಸುವ ಏಜೆಂಟರು ರೇರಾ ನೋಂದಣಿ ಪಡೆದಿರಬೇಕು. ಹಳೆಯ ಸ್ವತಂತ್ರ ಮನೆಯ ಮರುಮಾರಾಟ ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಇಲ್ಲಿ ಖರೀದಿದಾರರ ಎಚ್ಚರಿಕೆಯೇ ಮುಖ್ಯ.

ಏಜೆಂಟರು ಮಾರುವವರಿಂದಲೂ ಕಮಿಷನ್ ಪಡೆಯುತ್ತಾರೆಯೇ ಎಂದು ಮೊದಲೇ ಕೇಳಬೇಕು. ಕಮಿಷನ್ ಎಷ್ಟು, ಯಾವಾಗ ಎಂಬುದು ಬರಹದಲ್ಲಿರಲಿ. ನೋಂದಣಿಯ ದಿನ ಕೊಡುವುದು ಸುರಕ್ಷಿತ. ಮಾಲೀಕರನ್ನು ನೇರವಾಗಿ ಭೇಟಿಯಾಗದೆ ಮಾತುಕತೆ ಮುಗಿಸಬಾರದು. ಏಜೆಂಟರು ಸೂಚಿಸಿದ ವಕೀಲರ ಬದಲು ತಮ್ಮದೇ ವಕೀಲರನ್ನು ನೇಮಿಸಿಕೊಳ್ಳಬೇಕು.

ಪರಿಶೀಲಿಸಬೇಕಾದ ದಾಖಲೆಗಳು

• ಮೂಲ ಕ್ರಯಪತ್ರ ಮತ್ತು ಹಿಂದಿನ ಎಲ್ಲ ಪತ್ರಗಳು. ನಕಲು ಪ್ರತಿ ಸಾಲದು, ಮೂಲವನ್ನೇ ನೋಡಬೇಕು. ಚಕ್ಕುಬಂದಿ ಮತ್ತು ಅಳತೆ ಸ್ಥಳದೊಂದಿಗೆ ಹೊಂದಬೇಕು.

• ಋಣಭಾರ ಪ್ರಮಾಣಪತ್ರ (ಇಸಿ). ಕಾವೇರಿ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ ಖರೀದಿದಾರರೇ ಪಡೆಯಬಹುದು. ಇದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಮೂಲಪತ್ರವನ್ನು ಅಡವಿಟ್ಟು ಪಡೆದ ಸಾಲ ನೋಂದಣಿಯಾಗದಿದ್ದರೆ ಇಸಿಯಲ್ಲಿ ಬರುವುದಿಲ್ಲ. ಅದಕ್ಕಾಗಿ ಸೆರ್ಸಾಯ್ ಜಾಲತಾಣದಲ್ಲೂ ಶುಲ್ಕ ಕಟ್ಟಿ ಹುಡುಕಬೇಕು.

• ಇ-ಖಾತಾ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು, ನಗರಗಳಲ್ಲಿ ಇ-ಆಸ್ತಿ ದಾಖಲೆ. ಖಾತಾ ತೆರಿಗೆಯ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ.

• ಆಸ್ತಿ ತೆರಿಗೆ, ವಿದ್ಯುತ್, ನೀರಿನ ಬಾಕಿ ಇಲ್ಲವೆಂಬ ರಸೀದಿ. ಅಪಾರ್ಟ್‌ಮೆಂಟ್ ಆದರೆ ಸಂಘದ ನಿರಾಕ್ಷೇಪಣಾ ಪತ್ರ.

ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ನಡೆದ 'ಮಾರಾಟ' ಮಾಲೀಕತ್ವವನ್ನು ವರ್ಗಾಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಮಾರುವವರ ಕೈಯಲ್ಲಿ ಅದಷ್ಟೇ ಇದ್ದರೆ ವ್ಯವಹಾರ ನಿಲ್ಲಿಸಬೇಕು.

ಕುಟುಂಬದವರ ಸಹಿ

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಪತ್ನಿ, ತಾಯಿ, ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ ಹಕ್ಕುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿ ನೀಡಿದೆ. "ಅಕ್ಕತಂಗಿಯರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬ ಬಾಯಿಮಾತನ್ನು ನಂಬಿ ಮುಂದುವರಿದರೆ ಮುಂದೆ ಪಾಲಿನ ದಾವೆ ಎದುರಿಸಬೇಕಾಗಬಹುದು. ವಂಶವೃಕ್ಷ ಪಡೆದು, ಎಲ್ಲ ಹಕ್ಕುದಾರರ ಸಹಿ ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೇಳಬೇಕು. ಅಪ್ರಾಪ್ತರ ಹೆಸರಿನ ಆಸ್ತಿಯನ್ನು ಪೋಷಕರು ಮಾರಲು ನ್ಯಾಯಾಲಯದ ಅನುಮತಿ ಬೇಕು.

ಹಣ ಪಾವತಿ

ಮುಂಗಡ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು, ಏಜೆಂಟರ ಕೈಗೆ ಕೊಡಬಾರದು. ಸ್ಥಿರಾಸ್ತಿಗಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಖರೀದಿದಾರರು ಶೇ. 1ರಷ್ಟು ಟಿಡಿಎಸ್ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾದರೆ ನಿಯಮ ಬೇರೆ, ಲೆಕ್ಕ ಪರಿಶೋಧಕರನ್ನು ಕೇಳಬೇಕು.

ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕಿನಿಂದ ಬಾಕಿಯ ಪತ್ರ ಪಡೆದು, ಆ ಮೊತ್ತವನ್ನು ನೇರವಾಗಿ ಸಾಲದ ಖಾತೆಗೇ ಕಟ್ಟಬೇಕು. ಉಳಿದದ್ದನ್ನು ಮಾತ್ರ ಮಾಲೀಕರಿಗೆ ಕೊಡಬೇಕು.

ಕರಾರು ಮತ್ತು ನೋಂದಣಿ

ಕ್ರಯದ ಕರಾರಿನಲ್ಲಿ ಒಟ್ಟು ಬೆಲೆ, ಕೊಟ್ಟ ಮುಂಗಡ, ನೋಂದಣಿಯ ಗಡುವು, ಮನೆ ತೆರವಿನ ದಿನಾಂಕ ಇರಬೇಕು. ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಪೂರ್ತಿ ಮರಳಿಸಬೇಕೆಂಬ ಷರತ್ತೂ ಇರಲಿ. ಆಕ್ಷೇಪಣೆ ಕೋರಿ ವಕೀಲರ ಮೂಲಕ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡುವುದು ಒಳ್ಳೆಯ ರೂಢಿ. ಬಾಡಿಗೆದಾರರಿದ್ದರೆ ನೋಂದಣಿಗೆ ಮೊದಲೇ ಮನೆ ಖಾಲಿಯಾಗಬೇಕು.

ನೋಂದಣಿಯ ಹಿಂದಿನ ದಿನ ಇಸಿಯನ್ನು ಮತ್ತೊಮ್ಮೆ ತೆಗೆಸಿ ನೋಡಬೇಕು. ಕೊನೆಯ ಕಂತು ಕೊಡುವಾಗ ಮೂಲಪತ್ರಗಳು ಮತ್ತು ಬೀಗದ ಕೈ ಒಟ್ಟಿಗೇ ಕೈಸೇರಬೇಕು. ಆ ನಂತರ ಖಾತಾ, ವಿದ್ಯುತ್ ಮತ್ತು ನೀರಿನ ಸಂಪರ್ಕಗಳನ್ನು ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಬೇಕು.

"ಇನ್ನೊಬ್ಬರು ನಾಳೆಯೇ ಮುಂಗಡ ಕೊಡುತ್ತಾರೆ" ಎಂದು ಏಜೆಂಟರು ಅವಸರಪಡಿಸುವುದುಂಟು. ಕೈತಪ್ಪಿದ ಮನೆಗೆ ಬದಲಾಗಿ ಇನ್ನೊಂದು ಸಿಗುತ್ತದೆ. ವ್ಯಾಜ್ಯದ ಮನೆಯಲ್ಲಿ ಸಿಲುಕಿದ ಜೀವಮಾನದ ಉಳಿತಾಯ ಸುಲಭವಾಗಿ ಮರಳುವುದಿಲ್ಲ.