ತೆರೆ ಮೇಲಿನ ಅಪ್ಪ: ಪೀಟ್ ಪಾಸಲ್‌ಥ್ವೇಟ್

1/5

'ಇನ್‌ಸೆಪ್ಷನ್' ನೋಡಿದೀರಲ್ಲ? ನಮ್ಮ ಕ್ಲಾಸಲ್ಲಿ ನೋಡದೇ ಇರೋರು ಕಮ್ಮಿ. ಹಾಗಾದ್ರೆ ಒಂದು ಪ್ರಶ್ನೆ. ಅದರಲ್ಲಿ ಕಿಲಿಯನ್ ಮರ್ಫಿಯ ಅಪ್ಪನ ಪಾತ್ರ ಮಾಡಿದ್ದು ಯಾರು? ಹಾಸಿಗೆ ಹಿಡಿದಿರೋ, ಮಾತೇ ಸರಿಯಾಗಿ ಹೊರಡದ ಆ ಮುದುಕ. ಡಿಕಾಪ್ರಿಯೊ, ಟಾಮ್ ಹಾರ್ಡಿ ಹೆಸರು ತಟ್ಟನೆ ಬರುತ್ತೆ. ಇವರ ಹೆಸರು ಬರಲ್ಲ.

ಅವರು ಪೀಟ್ ಪಾಸಲ್‌ಥ್ವೇಟ್, ಇಂಗ್ಲೆಂಡಿನ ನಟ. ಆ ಸಿನಿಮಾದಲ್ಲಿ ಇರೋದು ಕೆಲವೇ ನಿಮಿಷ. ಆದ್ರೆ ಕಥೆ ನಿಂತಿರೋದೇ ಅವರ ಮೇಲೆ. ಅಪ್ಪ ಕಟ್ಟಿದ ಕಂಪನಿಯನ್ನ ಮಗನೇ ಒಡೆಯೋ ಹಾಗೆ ಅವನ ತಲೆಯಲ್ಲಿ ಒಂದು ಯೋಚನೆ ಬಿತ್ತಬೇಕು. ಅಪ್ಪ-ಮಗನ ನೋವು ನಮಗೆ ನಿಜ ಅನ್ನಿಸದಿದ್ರೆ ಉಳಿದಿದ್ದೆಲ್ಲ ಬರೀ ಗ್ರಾಫಿಕ್ಸ್.

ಇಂಥವರನ್ನ ನಾವು ಪೋಷಕ ನಟ ಅಂತೀವಿ. 'ಪೋಷಕರ ಸಭೆ' ಅಂದಾಗ ಅದೇ ಪದ ಅಪ್ಪ-ಅಮ್ಮನಿಗೂ ಬರುತ್ತೆ. ಪೀಟ್ ವಿಷಯದಲ್ಲಿ ಎರಡು ಅರ್ಥವೂ ಸರಿ. ಇವರ ವೃತ್ತಿಬದುಕಿನ ದೊಡ್ಡ ತಿರುವುಗಳಲ್ಲಿ ಅಪ್ಪನ ಪಾತ್ರಗಳೇ ಕಾಣ್ತವೆ. ಇವತ್ತಿನ ಸರಣಿ ಅದರ ಬಗ್ಗೆ.

2/5

ಹುಟ್ಟಿದ್ದು 1946ರ ಫೆಬ್ರವರಿ 7, ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಿನ ವಾರಿಂಗ್ಟನ್ ಊರಲ್ಲಿ. ದುಡಿಯೋ ವರ್ಗದ ಕ್ಯಾಥೊಲಿಕ್ ಕುಟುಂಬ. ಮೊದಲು ಮೇಷ್ಟ್ರಾದ್ರು. ಆಮೇಲೆ ಆ ಕೆಲಸ ಬಿಟ್ಟು ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆಗೆ ಸೇರಿದ್ರು.

1970ರ ದಶಕದಲ್ಲಿ ಲಿವರ್‌ಪೂಲಿನ ಎವರಿಮ್ಯಾನ್ ಥಿಯೇಟರ್. ಅಲ್ಲಿದ್ದ ಜೊತೆಗಾರರನ್ನ ನೋಡಿ: ಜೂಲಿ ವಾಲ್ಟರ್ಸ್ (ಹ್ಯಾರಿ ಪಾಟರ್‌ನ ಮಿಸೆಸ್ ವೀಸ್ಲಿ), ಬಿಲ್ ನೈ (ಪೈರೇಟ್ಸ್‌ನ ಡೇವಿ ಜೋನ್ಸ್), ಜೊನಾಥನ್ ಪ್ರೈಸ್ (ಗೇಮ್ ಆಫ್ ಥ್ರೋನ್ಸ್‌ನ ಹೈ ಸ್ಪ್ಯಾರೋ). ಇವರೆಲ್ಲ ಒಂದೇ ರಂಗಭೂಮಿಯಲ್ಲಿ ಪಳಗಿದವರು.

ಪೀಟ್ ಮುಖ ಹೀರೋ ಮುಖ ಅಲ್ಲ. ಎದ್ದು ಕಾಣೋ ಕೆನ್ನೆ ಮೂಳೆ, ದಪ್ಪ ಮೂಗು, ಒಳಗೆ ಹೋದ ಕಣ್ಣು. ಹೆಸರಂತೂ ನಾಲಿಗೆ ತಿರುಗೋ ಥರದ್ದಲ್ಲ. ಬದಲಾಯಿಸಿಕೋ ಅಂತ ಹೇಳಿದವರಿದ್ರು. ಅಷ್ಟುದ್ದದ ಹೆಸರಿಗೆ ದೀಪ ಹಾಕಿದ್ರೆ ಥಿಯೇಟರಿಗೆ ಕರೆಂಟ್ ಬಿಲ್ ಕಟ್ಟೋಕಾಗಲ್ಲ ಅನ್ನೋ ತಮಾಷೆಯೂ ಇತ್ತು. ಪೀಟ್ ಬದಲಾಯಿಸಲಿಲ್ಲ.

ದೊಡ್ಡ ತೆರೆಯಲ್ಲಿ ಜನ ತಿರುಗಿ ನೋಡಿದ್ದು 1988ರಲ್ಲಿ. ಟೆರೆನ್ಸ್ ಡೇವಿಸ್ ನಿರ್ದೇಶನದ 'ಡಿಸ್ಟಂಟ್ ವಾಯ್ಸಸ್, ಸ್ಟಿಲ್ ಲೈವ್ಸ್'. ಡೇವಿಸ್ ತನ್ನದೇ ಮನೆಯ ನೆನಪುಗಳಿಂದ ಮಾಡಿದ ಸಿನಿಮಾ. ಹೆಂಡತಿ-ಮಕ್ಕಳನ್ನ ಹೊಡೆಯೋ ಅಪ್ಪನ ಪಾತ್ರ ಪೀಟ್‌ದು. ಕ್ರಿಸ್‌ಮಸ್ ಹಿಂದಿನ ರಾತ್ರಿ ಮಲಗಿರೋ ಮಕ್ಕಳನ್ನ ಪ್ರೀತಿಯಿಂದ ನೋಡ್ತಾನೆ. ಹಬ್ಬದ ಊಟಕ್ಕೆ ಕೂತಾಗ ಅದೇ ಮನುಷ್ಯ ಮೇಜಿನ ಬಟ್ಟೆ ಹಿಡಿದು ಎಲ್ಲ ಎಳೆದು ಬೀಳಿಸ್ತಾನೆ. ಬರೀ ಕೆಟ್ಟವನಾಗಿ ತೋರಿಸಿದ್ರೆ ದ್ವೇಷ ಮಾಡಿ ಸುಮ್ಮನಾಗಬಹುದಿತ್ತು. ಪೀಟ್ ಹಾಗೆ ಸುಮ್ಮನಿರೋಕೆ ಬಿಡಲ್ಲ.

3/5

ಈಗ ಎರಡನೇ ಅಪ್ಪ. 1993ರ 'ಇನ್ ದ ನೇಮ್ ಆಫ್ ದ ಫಾದರ್', ನಿರ್ದೇಶಕ ಜಿಮ್ ಶೆರಿಡನ್.

ಇದರ ಹಿಂದೆ ನಿಜವಾದ ಇತಿಹಾಸ ಇದೆ. 1974ರ ಅಕ್ಟೋಬರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಪಬ್‌ಗಳಿಗೆ ಬಾಂಬ್ ಇಟ್ರು. ಐರಿಷ್ ಹುಡುಗ ಜೆರ್ರಿ ಕಾನ್ಲನ್ ಮತ್ತು ಇನ್ನೂ ಮೂವರಿಗೆ ಶಿಕ್ಷೆ ಆಯ್ತು. ಅವರು ತಪ್ಪೇ ಮಾಡಿರಲಿಲ್ಲ. ಮಗನಿಗೆ ಸಹಾಯ ಮಾಡೋಕೆ ಅಂತ ಬೆಲ್‌ಫಾಸ್ಟ್‌ನಿಂದ ಬಂದ ಅಪ್ಪ ಜುಸೆಪೆ ಅವರನ್ನೂ ಹಿಡಿದು ಜೈಲಿಗೆ ಹಾಕಿದ್ರು. ಕಾಯಿಲೆ ಮನುಷ್ಯ. 1980ರಲ್ಲಿ ಕೈದಿಯಾಗಿಯೇ ಸತ್ರು. ಮಗ ಬಿಡುಗಡೆಯಾಗಿದ್ದು 1989ರಲ್ಲಿ. ಅಪ್ಪನ ಮೇಲಿದ್ದ ತೀರ್ಪು ರದ್ದಾಗಿದ್ದು 1991ರಲ್ಲಿ, ಸತ್ತು 11 ವರ್ಷ ಆದ ಮೇಲೆ.

ಸಿನಿಮಾದಲ್ಲಿ ಅಪ್ಪ-ಮಗ ಒಂದೇ ಸೆಲ್ಲಲ್ಲಿ ಇರ್ತಾರೆ. ನಿಜದಲ್ಲಿ ಹಾಗಿರಲಿಲ್ಲ, ಅದು ಕಥೆಗಾಗಿ ಮಾಡ್ಕೊಂಡಿದ್ದು. ಮಗ ಡೇನಿಯಲ್ ಡೇ-ಲೂಯಿಸ್ ಕೂಗಾಡ್ತಾರೆ, ಅಳ್ತಾರೆ. ಪೀಟ್ ಮೆಲ್ಲಗೆ ಮಾತಾಡ್ತಾರೆ, ಪ್ರಾರ್ಥನೆ ಮಾಡ್ತಾರೆ, ಅರ್ಜಿ ಬರೀತಾರೆ. ಮೊದಮೊದಲು ನಮಗೂ ಈ ಅಪ್ಪ ತೀರಾ ಮೆತ್ತಗಾದ್ರು ಅನ್ಸುತ್ತೆ. ಅವರು ಸತ್ತ ರಾತ್ರಿ ಕೈದಿಗಳು ಕಿಟಕಿಗಳಿಂದ ಉರಿಯೋ ಕಾಗದ ಬಿಡ್ತಾರಲ್ಲ, ಅಷ್ಟೊತ್ತಿಗೆ ಆ ಮೆತ್ತಗಿನ ಮನುಷ್ಯನೇ ಎಲ್ಲರಿಗಿಂತ ಗಟ್ಟಿ ಅಂತ ಗೊತ್ತಾಗಿರುತ್ತೆ.

ಈ ಪಾತ್ರಕ್ಕೆ ಆಸ್ಕರ್ ನಾಮಿನೇಷನ್ ಬಂತು. ಪ್ರಶಸ್ತಿ 'ದ ಫ್ಯುಜಿಟಿವ್'ನ ಟಾಮಿ ಲೀ ಜೋನ್ಸ್‌ಗೆ ಹೋಯ್ತು. ಸಿನಿಮಾ ಬಂದಾಗ ಪೀಟ್ ವಯಸ್ಸು 47.

4/5

ಕಾಮರ್ಸ್ ಓದೋರಿಗೆ ಗೊತ್ತಿರುತ್ತೆ: ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್‌ನ ಬ್ಯಾಲೆನ್ಸ್ ಶೀಟಲ್ಲಿ ತೋರಿಸಲ್ಲ. ಬೇರೆ ಯಾರೋ ಬೆಲೆ ಕೊಟ್ಟು ಕೊಂಡಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ. ಪೀಟ್‌ಗೂ ಹಾಗೇ ಆಯ್ತು. ಇಪ್ಪತ್ತು ವರ್ಷದ ನಾಟಕದ ಕೆಲಸ 1993ರ ನಂತರ ಲೆಕ್ಕಕ್ಕೆ ಬಂತು.

1994: ಟಿವಿಯ 'ಶಾರ್ಪ್' ಸರಣಿಯಲ್ಲಿ ಹೇಕ್ಸ್‌ವಿಲ್ ಅನ್ನೋ ದುಷ್ಟ ಸಾರ್ಜೆಂಟ್. ನಮಗೊಂದು ನಂಟು ಇದೆ ಇಲ್ಲಿ. ಬರ್ನಾರ್ಡ್ ಕಾರ್ನ್‌ವೆಲ್ ಬರೆದ 'ಶಾರ್ಪ್ಸ್ ಟೈಗರ್' ಕಾದಂಬರಿಯಲ್ಲಿ ಇದೇ ಹೇಕ್ಸ್‌ವಿಲ್ 1799ರ ಶ್ರೀರಂಗಪಟ್ಟಣದ ಮುತ್ತಿಗೆಗೆ ಬರ್ತಾನೆ. ಆ ಕಥೆಯಲ್ಲಿ ಪೀಟ್ ನಟಿಸಲಿಲ್ಲ, ಪಾತ್ರ ಮಾತ್ರ ಅದೇ.

1995: 'ದ ಯೂಷುವಲ್ ಸಸ್ಪೆಕ್ಟ್ಸ್'ನ ಕೊಬಯಾಶಿ. ನೋಡದವರಿಗೆ ಇದಕ್ಕಿಂತ ಜಾಸ್ತಿ ಹೇಳಲ್ಲ.

1996: 'ಬ್ರಾಸ್ಡ್ ಆಫ್'. ಕಲ್ಲಿದ್ದಲು ಗಣಿ ಮುಚ್ಚೋ ಊರಲ್ಲಿ ಗಣಿ ಕಾರ್ಮಿಕರ ಬ್ಯಾಂಡ್ ನಡೆಸೋ ಡ್ಯಾನಿ. ಶ್ವಾಸಕೋಶ ತುಂಬ ಕಲ್ಲಿದ್ದಲ ಧೂಳು. ಕೊನೆಗೆ ಬಹುಮಾನ ಗೆದ್ದು, ವೇದಿಕೆ ಮೇಲೇ ಅದನ್ನ ಬೇಡ ಅಂತಾನೆ. ಸಂಗೀತಕ್ಕಿಂತ ಜನ ದೊಡ್ಡವರು ಅನ್ನೋದು ಅವನ ಮಾತಿನ ಸಾರ. 'ಟಬ್‌ಥಂಪಿಂಗ್' ಹಾಡಿನ ಆಲ್ಬಂ ಆವೃತ್ತಿ ಶುರುವಾಗೋದು ಈ ಭಾಷಣದ ಪೀಟ್ ದನಿಯಿಂದಲೇ.

1997: ಸ್ಪೀಲ್‌ಬರ್ಗ್ ಜೊತೆ ಒಂದೇ ವರ್ಷ ಎರಡು ಸಿನಿಮಾ, 'ದ ಲಾಸ್ಟ್ ವರ್ಲ್ಡ್' ಮತ್ತು 'ಅಮಿಸ್ಟಾಡ್'. ಜಗತ್ತಿನ ಅತ್ಯುತ್ತಮ ನಟ ಅಂತ ಸ್ಪೀಲ್‌ಬರ್ಗ್ ಹೊಗಳಿದ್ರು. ಪೀಟ್ ಅದನ್ನೂ ತಮಾಷೆ ಮಾಡಿದ್ರು: "ತಾನೇ ಅತ್ಯುತ್ತಮ ನಟ ಅಂತ ಪೀಟ್ ಅಂದ್ಕೊಂಡಿದಾನೆ" ಅನ್ನೋದು ಸ್ಪೀಲ್‌ಬರ್ಗ್ ಮಾತಿನ ನಿಜವಾದ ಅರ್ಥವಂತೆ!

5/5

ಹೆಸರು ಬಂದ ಮೇಲೂ 2008ರಲ್ಲಿ ಅದೇ ಎವರಿಮ್ಯಾನ್‌ಗೆ ವಾಪಸ್ ಹೋಗಿ ಕಿಂಗ್ ಲಿಯರ್ ಆದ್ರು. ಲಿಯರ್ ಯಾರು ಹೇಳಿ? ಮೂರು ಹೆಣ್ಣುಮಕ್ಕಳ ಅಪ್ಪ.

2009ರಲ್ಲಿ 'ದ ಏಜ್ ಆಫ್ ಸ್ಟುಪಿಡ್'. ಹವಾಮಾನ ಕೆಟ್ಟು ಹಾಳಾದ 2055ರ ಜಗತ್ತಲ್ಲಿ ಒಬ್ಬನೇ ಉಳಿದ ಮುದುಕನ ಪಾತ್ರ. ಕಿಂಗ್ಸ್‌ನಾರ್ತ್‌ನಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಸರ್ಕಾರ ಒಪ್ಪಿಗೆ ಕೊಟ್ರೆ, 2004ರಲ್ಲಿ ತನಗೆ ಬಂದಿದ್ದ ಒಬಿಇ ಗೌರವ ವಾಪಸ್ ಕೊಡ್ತೀನಿ ಅಂದ್ರು. ಆ ಸ್ಥಾವರ ಕೊನೆಗೂ ಕಟ್ಟಲಿಲ್ಲ.

2010ರಲ್ಲಿ ಮೂರು ದೊಡ್ಡ ಸಿನಿಮಾ: 'ಕ್ಲ್ಯಾಶ್ ಆಫ್ ದ ಟೈಟನ್ಸ್', 'ಇನ್‌ಸೆಪ್ಷನ್', 'ದ ಟೌನ್'. 2011ರ ಜನವರಿ 2ರಂದು ಕ್ಯಾನ್ಸರ್‌ನಿಂದ ತೀರಿಕೊಂಡ್ರು. ವಯಸ್ಸು 64. 'ದ ಟೌನ್' ಪಾತ್ರಕ್ಕೆ ಬಾಫ್ಟಾ ನಾಮಿನೇಷನ್ ಬಂದಿದ್ದು ಅದಾದ ಮೇಲೆ.

ಪ್ಲೇಸ್‌ಮೆಂಟ್ ಟೈಮಲ್ಲಿ ಇದನ್ನ ಬರೀತಿರೋದು ಸುಮ್ಮನೆ ಅಲ್ಲ. ಇಪ್ಪತ್ತು ವರ್ಷಕ್ಕೇ 'ನಮ್ಮದೇನೂ ಆಗಲಿಲ್ಲ' ಅಂತ ಲೆಕ್ಕ ಮುಗಿಸಿ ಕೂತಿರೋರು ನಮ್ಮಲ್ಲೇ ಎಷ್ಟು ಜನ! ಆ ವಯಸ್ಸಲ್ಲಿ ಪೀಟ್ ಇನ್ನೂ ನಾಟಕ ಶಾಲೆ ಮೆಟ್ಟಿಲೂ ಹತ್ತಿರಲಿಲ್ಲ.

ಈ ವಾರ ಒಂದು ಸಿನಿಮಾ ನೋಡೋದಾದ್ರೆ 'ಇನ್ ದ ನೇಮ್ ಆಫ್ ದ ಫಾದರ್' ನೋಡಿ. ಸಾಧ್ಯವಾದ್ರೆ ಅಪ್ಪನ ಜೊತೆ ಕೂತು. ನಿಮ್ಮಪ್ಪ ಎಲ್ಲಿ ಸುಮ್ಮನಾದ್ರು ಅಂತ ಕಾಮೆಂಟಲ್ಲಿ ಹೇಳಿ.

#ಪೋಷಕನಟ #ಸಿನಿಮಾಇತಿಹಾಸ #ಕನ್ನಡದಲ್ಲಿಓದಿ